ತಮ್ಮನ ಹಾವಿನಾಟ

ಜೀಪು ಉರುಳಿದಾಗ ನನ್ನ ತಮ್ಮ ಅದರ ಮೇಲೆ, ಸಾಮಾನು ಕಟ್ಟುವ ಕಂಬಿ ಹಿಡಿದು ಕುಳಿತಿದ್ದ. ಹುಮನಾಬಾದಿನಿಂದ ನಮ್ಮೂರು ಬಸವಕಲ್ಯಾಣಕ್ಕೆ ಬರುವ ಜೀಪುಗಳಲ್ಲಿ ಗಂಡಸರಿಗೆ ಒಳಗೆ ಜಾಗ ಸಿಗುವುದೇ ಅಪರೂಪವಾಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಅವನು ಮಾಣಿಕನಗರದಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದ, ನಾನು ಹುಮನಾಬಾದಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಸಂಜೆ ನನ್ನನ್ನು ಕರೆದೊಯ್ಯಲು ಬಂದವನು ಕ್ಲಾಸು ಬಿಡುವವರೆಗೆ ಮೂಲೆಯ ಕಂಪ್ಯೂಟರಿನಲ್ಲಿ ಹಾವಿನಾಟ ಆಡುತ್ತ ಕೂಡುತ್ತಿದ್ದ. ಹಾವು ಚುಕ್ಕಿ ತಿಂದು ಉದ್ದವಾಗುತ್ತ ಹೋಗುತ್ತದೆ, ಗೋಡೆಗೋ ತನ್ನ ಮೈಗೋ ತಲೆ ತಾಗಿದರೆ ಸಾಯುತ್ತದೆ. ಆಟ ಅಷ್ಟೇ. ಆಡಿ ಸಾಕಾದ ಮೇಲೆ ಅದನ್ನು ಹೇಗೆ ಬರೆದಿದ್ದಾರೆ ಎಂದು ಕೇಳತೊಡಗಿದ. ಕಂಪ್ಯೂಟರಿಗೆ ಆದೇಶ ಬರೆಯುವ ಬೇಸಿಕ್ ಭಾಷೆಯನ್ನು ಹಾಗೇ ನನ್ನಿಂದ ಕಲಿತ.

ಆ ದಿನ ಜೀಪಿನೊಳಗಿದ್ದ ನನ್ನ ಮೊಣಕೈ ತರಚಿತು. ಅವನ ಕುತ್ತಿಗೆಯ ಮೂಳೆ ಮುರಿಯಿತು.

ಸೊಲ್ಲಾಪುರದ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವನ ಬಲಗೈಯ ಎರಡು ಬೆರಳು ಮಾತ್ರ ಅಲುಗುತ್ತಿದ್ದವು. ಅಪ್ಪ ಮೊದಲೇ ತೀರಿಹೋಗಿದ್ದ. ಮನೆಯಲ್ಲಿ ಅವ್ವ, ನಾನು, ಅವನು. ಬಹಳ ದಿನ ಅವನು ಮಾತೇ ಆಡಲಿಲ್ಲ. ಅವ್ವ ಗಂಜಿ ಕುಡಿಸುವಾಗ ಬಾಯಿ ತೆರೆಯುತ್ತಿದ್ದ, ಅಷ್ಟೇ. ಒಂದು ದಿನ ನಾನು ಕೆಲಸಕ್ಕೆ ಹೊರಟಾಗ ಕೇಳಿದ:

"ಅಕ್ಕ, ಆ ಹಾವಿನಾಟ ಇಲ್ಲಿಗೆ ತರಲಾಕ ಆಗತದೇನ?"

ಕ್ಲಾಸಿನ ಕಂಪ್ಯೂಟರನ್ನು ತರುವಂತಿರಲಿಲ್ಲ. ಆದರೆ ಕ್ಲಾಸಿನ ಮಾಲೀಕರು ತಾವು ಕಲಿಯುವಾಗ ಮುಂಬೈಯಿಂದ ತಂದಿದ್ದ ಮನೆಬಳಕೆಯ ಹಳೆಯ ಕಂಪ್ಯೂಟರೊಂದನ್ನು ಒಯ್ಯಲು ಹೇಳಿದರು. ನೋಡಲು ಬರೀ ಒಂದು ಕೀಲಿಮಣೆ. ಟಿವಿಗೆ ಜೋಡಿಸಿದರೆ ಪರದೆ ಸಿಗುತ್ತಿತ್ತು, ಬರೆದದ್ದನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಉಳಿಸಬೇಕಿತ್ತು. ಕ್ಲಾಸಿನ ಆಟ ಅದರಲ್ಲಿ ನಡೆಯುತ್ತಿರಲಿಲ್ಲ. ಅದರ ಭಾಷೆಯೂ ಬೇಸಿಕ್ಕೇ, ಆದರೆ ಬೇರೆ ಬಗೆಯದು. ನಾನು ಆಟದ ಬರಹವನ್ನೆಲ್ಲ ಮುದ್ರಿಸಿ ತಂದು, ಮಲಗಿದವನ ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಿದೆ.

ಆ ಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಒಂದಕ್ಷರವಲ್ಲ, ಇಡೀ ಆದೇಶವೇ ಮೂಡುತ್ತಿತ್ತು. ಎರಡು ಬೆರಳಿನವನಿಗೆ ಇದು ದೊಡ್ಡ ಅನುಕೂಲವಾಯಿತು. ಬಲಗೈ ಕೆಳಗೆ ದಿಂಬಿಟ್ಟು ಕೀಲಿಮಣೆ ಇಟ್ಟೆ. ತಾನೇ ಬರೆಯುತ್ತೇನೆಂದ. ಒಂದೊಂದು ಸಾಲಿಗೂ ಎಷ್ಟೋ ಹೊತ್ತು ಹಿಡಿಯುತ್ತಿತ್ತು, ನಾನು ಕೈ ಹಾಕಿದರೆ ಸಿಟ್ಟಾಗುತ್ತಿದ್ದ.

ಪರದೆಯ ಅಗಲ ಮೊದಲಿನದರ ಅರ್ಧಕ್ಕಿಂತ ಕಡಿಮೆ ಇದ್ದುದರಿಂದ ಗೋಡೆಗಳನ್ನು ಹತ್ತಿರ ತರಬೇಕಾಯಿತು. ಹಾವಿನ ತಲೆಯ ಮುಂದೆ ಏನಿದೆ ಎಂದು ತಿಳಿಯುವ ರೀತಿಯೇ ಅಲ್ಲಿ ಬೇರೆಯಿತ್ತು. ಎಲ್ಲ ಕೂಡಿ ಬಂದಾಗ ಹಾವು ತೆವಳಿತು, ಆದರೆ ನೋಡಲಾಗದಷ್ಟು ನಿಧಾನ. ಎರಡು ದಿನ ಅವನು ಜಂತಿ ನೋಡುತ್ತ ಮಲಗಿದ. ಆಮೇಲೆ ಹೇಳಿದ, ಪ್ರತಿ ಸಲ ಹಾವನ್ನು ಪೂರ್ತಿ ಬರೆಯುವುದೇಕೆ, ಮುಂದೊಂದು ಚೌಕ ಇಟ್ಟು ಹಿಂದೊಂದು ಅಳಿಸಿದರೆ ಸಾಕು, ನಡುವಿನದು ಇದ್ದಲ್ಲೇ ಇರಲಿ. ಬರೆದು ನೋಡಿದೆವು. ಹಾವು ಓಡಿತು. ಅಷ್ಟರಲ್ಲಿ ಕರೆಂಟ್ ಹೋಯಿತು, ಕ್ಯಾಸೆಟ್ಟಿಗೆ ಹಾಕಿರದ ಅಷ್ಟೂ ಅಳಿಸಿಹೋಯಿತು. ಕರೆಂಟ್ ಬಂದ ಮೇಲೆ ಅವನು ಮತ್ತೆ ಮೊದಲಿಂದ ಬರೆದ. ಕ್ಯಾಸೆಟ್ಟಿನಿಂದ ಆಟವನ್ನು ಯಂತ್ರಕ್ಕೆ ಏರಿಸುವಾಗಿನ ಕಿರುಚು ಸದ್ದು ಅವ್ವನಿಗೆ ಆಗುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಕೂಡುತ್ತಿದ್ದಳು.

ಆಟ ಬರೆದು ಮುಗಿಸಿ ಆಡಿದರೆ ಅವನ ಬೆರಳು ಹಾವಿನಷ್ಟು ಚುರುಕಿರಲಿಲ್ಲ. ತಿರುಗುವ ಮೊದಲೇ ಹಾವು ಗೋಡೆಗೆ ಬಡಿಯುತ್ತಿತ್ತು. ಗೋಡೆಗೆ ತಾಗಿದರೂ ಸಾಯದಂತೆ, ಎದುರು ಗೋಡೆಯಿಂದ ಹೊರಬರುವಂತೆ ಮಾಡೋಣ ಎಂದೆ. ಅವನು ಒಪ್ಪಲಿಲ್ಲ.

"ಅಲ್ಲಿ ಹ್ಯಾಂಗ ಸಾಯತಿತ್ತೋ ಇಲ್ಲಿಬಿ ಹಂಗೇ ಸಾಯಬೇಕು. ನನ್ನ ಮ್ಯಾಲ ದಯಾ ಮಾಡಬ್ಯಾಡ."

ಆ ಬೇಸಿಗೆಯಲ್ಲಿ ಜೀಪಿನ ಡ್ರೈವರ್ ಮನೆಗೆ ಬಂದ. ಬೇಮಳಖೇಡದ ಕಡೆಯವನು, ನಡುವಯಸ್ಸಿನವನು. ಅಪಘಾತದ ನಂತರ ಅವನು ಬಂದದ್ದು ಅದೇ ಮೊದಲು. ಬಾಗಿಲಲ್ಲೇ ನಿಂತಿದ್ದವನನ್ನು ತಮ್ಮ ಒಳಗೆ ಕರೆದ. ಕೀಲಿಮಣೆಯನ್ನು ಡ್ರೈವರನ ತೊಡೆಯ ಮೇಲಿಡಲು ನನಗೆ ಹೇಳಿದ. ಯಾವ ಗುಂಡಿ ಯಾವ ಕಡೆಗೆಂದು ತಾನೇ ತಿಳಿಸಿದ. ಡ್ರೈವರ್ ಗುಂಡಿ ಹುಡುಕುವಷ್ಟರಲ್ಲಿ ಹಾವು ನೇರ ಹೋಗಿ ಗೋಡೆಗೆ ಬಡಿಯಿತು.

"ಹೊಳ್ಳಿ ಆಡ್ರಿ," ಅಂದ ತಮ್ಮ.

ಮತ್ತೆ ಬಡಿಯಿತು. ತಮ್ಮ ಮತ್ತೆ ಆಡಲು ಹೇಳಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಆದರೆ ಹೋಗಲೂ ಆಗಲಿಲ್ಲ. ಕೊನೆಗೆ ಡ್ರೈವರ್ ಗುಂಡಿಗಳಿಂದ ಕೈ ತೆಗೆದ.

"ಬ್ರೇಕ್ ಹತ್ತಲಿಲ್ಲರಿ. ನಾ ಬಾಳ ಒತ್ತಿದೆ."

"ಗೊತ್ತದರಿ. ಎದುರಿಗಿ ಎತ್ತಿನ ಗಾಡಿ ಇತ್ತು, ಅದರಾಗ ಹೆಣ್ಣಮಕ್ಕಳು ಕುಂತಿದ್ರು. ನಾ ಮ್ಯಾಲಿಂದ ನೋಡೀನಿ."

ಡ್ರೈವರ್ ತಲೆ ತಗ್ಗಿಸಿ ಕುಳಿತ. ಅವ್ವ ತಂದಿಟ್ಟ ಚಹಾ ಹಾಗೇ ಆರಿತು. ಎದ್ದು ಹೋಗುವಾಗ ಅವ್ವನ ಕಾಲಿಗೆ ಬಾಗಿದ, ಅವಳು ಹಿಂದೆ ಸರಿದಳು. ಮತ್ತೆ ಅವನು ಬರಲಿಲ್ಲ. ತಮ್ಮ ಅವನನ್ನು ಕ್ಷಮಿಸಿದನೋ ಶಿಕ್ಷಿಸಿದನೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಮಳೆಗಾಲಕ್ಕೆ ಎರಡರಲ್ಲಿ ನಡುಬೆರಳು ಅಲುಗುವುದು ನಿಂತುಹೋಯಿತು. ಉಳಿದ ಒಂದೇ ಬೆರಳಿನಿಂದ ಅವನು ಆಟವನ್ನು ಬದಲಿಸಿದ. ಈಗ ಒಂದೇ ಗುಂಡಿ, ಒತ್ತಿದಾಗಲೆಲ್ಲ ಹಾವು ಬಲಕ್ಕೆ ತಿರುಗುವುದು. ಎಡಕ್ಕೆ ಹೋಗಬೇಕಾದರೆ ಬಲಕ್ಕೇ ಸುತ್ತಿ ಬರಬೇಕು. ಹಾವು ಸ್ವಲ್ಪ ಉದ್ದವಾದರೆ ಹಾಗೆ ಸುತ್ತುವಾಗ ತನ್ನ ಮೈಗೇ ಬಡಿದು ಸಾಯುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಆದರೂ ಆಡುತ್ತಿದ್ದ, ಸಣ್ಣ ಹಾವು ಬದುಕಿರುವಷ್ಟು ಹೊತ್ತು. ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಕೆಲವು ಸಂಜೆ ನಾವು ನಕ್ಕದ್ದೂ ಉಂಟು.

ಮಲಗಿ ಮಲಗಿ ಬೆನ್ನಿನಲ್ಲಿ ಹುಣ್ಣಾಯಿತು. ಅವ್ವ ಮಾಡುತ್ತಿದ್ದ ಅಡುಗೆ ಬಿಟ್ಟು ಬಂದು ಅವನ ಮಗ್ಗುಲು ಬದಲಿಸುತ್ತಿದ್ದಳು, ಹುಣ್ಣು ತೊಳೆಯುತ್ತಿದ್ದಳು. ಜ್ವರ ಏರಿತು, ಔಷಧಕ್ಕೆ ಇಳಿಯಲಿಲ್ಲ. ಬೀದರಿಗೆ ಒಯ್ಯಲು ಗಾಡಿ ಗೊತ್ತುಮಾಡಿದ್ದ ದಿನ, ಅದು ಬರುವ ಮೊದಲೇ, ಮಧ್ಯಾಹ್ನ ಅವನ ಉಸಿರು ನಿಂತಿತು.

ಮಣ್ಣು ಮಾಡಿ ಬಂದ ನಂತರ ಬಹಳ ದಿನ ಅವ್ವ ರೊಟ್ಟಿ ಬಡಿಯುತ್ತಿದ್ದವಳು ಒಮ್ಮೆಲೇ ಎದ್ದು, ಹಿಟ್ಟಿನ ಕೈಯಲ್ಲೇ ಅವನು ಮಲಗುತ್ತಿದ್ದ ಕೋಣೆಗೆ ಹೋಗುತ್ತಿದ್ದಳು. ನಾನು ಒಲೆಯ ಮೇಲಿನ ರೊಟ್ಟಿ ಹೊತ್ತದಂತೆ ತಿರುವಿ ಹಾಕುತ್ತಿದ್ದೆ.