ಎರಡನೆಯ ಅಡ್ಡಹೆಸರು

ನನಗೆ ಯಾರನ್ನೂ ಸುಲಭಕ್ಕೆ ನಂಬಿ ಅಭ್ಯಾಸವಿಲ್ಲ. ತರಕಾರಿಯವನು ಒಂದು ಹಿಡಿ ಹೆಚ್ಚು ಹಾಕಿದರೂ ಕೊಳೆತದ್ದು ಯಾವುದು ಎಂದು ಹುಡುಕುತ್ತೇನೆ. ದೋಹಾದ ಶಾಲೆಯೊಂದರ ಕಚೇರಿಯಲ್ಲಿ ಮಕ್ಕಳ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ ಈ ಗುಣಕ್ಕೆ ಸಂಬಳವೂ ಬರುತ್ತದೆ.

ಅವತ್ತು ಹತ್ತೂವರೆಗೆ ಸ್ಪೇನಿನ ಹೆಂಗಸೊಬ್ಬಳು ಬಂದು, ಎರಡನೇ ಕ್ಲಾಸಿನ ಮಗಳನ್ನು ಕೂಡಲೇ ಕಳಿಸಿ ಎಂದಳು. ಊರಲ್ಲಿ ತನ್ನ ಅಪ್ಪ ಇವತ್ತೋ ನಾಳೆಯೋ ಅನ್ನುವ ಹಾಗಿದ್ದಾರಂತೆ, ಒಂದೂವರೆಗೆ ವಿಮಾನವಂತೆ. ಮಗುವನ್ನು ಶಾಲೆಗೆ ಸೇರಿಸಲು ಬಂದವನು ತಂದೆ, ದಿನಾ ಓಡಾಡುವುದು ಬಸ್ಸಿನಲ್ಲಿ. ಹೀಗಾಗಿ ಈಕೆಯ ಮುಖ ನಾನು ಕಂಡದ್ದೇ ಇಲ್ಲ. ಐಡಿ ಕೇಳಿದೆ. ಅದರಲ್ಲಿದ್ದ ಅಡ್ಡಹೆಸರು ಬೇರೆ, ನನ್ನ ಕಂಪ್ಯೂಟರಿನಲ್ಲಿ ತಾಯಿಗೂ ಮಗುವಿಗೂ ಇದ್ದದ್ದು ಬೇರೆ.

ಪಕ್ಕದ ಮೇಜಿನ ಮೈಸೂರಿನ ಗೆಳತಿ ಆ ಅಡ್ಡಹೆಸರನ್ನು ಮೊಬೈಲಿನಲ್ಲಿ ಹುಡುಕಿದಳು. ಸಿಕ್ಕಿದವರೆಲ್ಲ ರಾಯಭಾರಿಗಳೇ. "ದೊಡ್ಡೋರ ಮನೆಯವ್ರು ಕಣ್ರೀ, ಕಳಿಸ್ಬಿಡಿ" ಎಂದಳು.

ನನ್ನ ಅನುಮಾನ ಇಮ್ಮಡಿಯಾಯಿತು. ಇಂಥ ಶೇಖ್ ಗೊತ್ತು, ಇಂಥ ಎಂಬೆಸಿ ಗೊತ್ತು ಎಂದು ಬಂದವರ ಕಾಗದವೇ ಮೊದಲು ತಪ್ಪಿರುವುದನ್ನು ಈ ಊರಲ್ಲಿ ಬೇಕಾದಷ್ಟು ನೋಡಿದ್ದೇನೆ. "ದೊಡ್ಡ ಹೆಸ್ರು ಹೇಳಿದವರೆಲ್ಲ ದೊಡ್ಡವರಾ ಮಾರಾಯ್ರೆ? ಕಾಗದದಲ್ಲಿ ಉಂಟಾ? ಇಲ್ಲದಿದ್ರೆ ಖಲಾಸ್" ಎಂದೆ. ಗಂಡ ಹೆಂಡತಿ ಬೇರೆಯಾಗಿರಬೇಕು, ಈಕೆ ಮಗುವನ್ನು ಎತ್ತಿಕೊಂಡು ದೇಶ ಬಿಡಲು ಬಂದಿದ್ದಾಳೆ ಎಂಬ ಕಥೆ ನನ್ನೊಳಗೆ ಆಗಲೇ ತಯಾರಾಗಿತ್ತು.

ಆಕೆ ತಾಳ್ಮೆಯಿಂದಲೇ ವಿವರಿಸಿದಳು. ಅವರಲ್ಲಿ ಹೆಂಗಸರು ಗಂಡನ ಹೆಸರು ಇಟ್ಟುಕೊಳ್ಳುವುದಿಲ್ಲ. ಮಗುವಿಗೆ ಎರಡು ಅಡ್ಡಹೆಸರು, ಮೊದಲು ತಂದೆಯದು, ಆಮೇಲೆ ತಾಯಿಯದು. ತನ್ನ ಹೆಸರಿಗೆ ಇಂಥ ಹಳ್ಳಿಯವರು ಎಂದಷ್ಟೇ ಅರ್ಥ. ಅಜ್ಜ, ಅಪ್ಪ ಇಬ್ಬರೂ ರಾಯಭಾರ ಕಚೇರಿಗಳಲ್ಲಿ ದುಡಿದದ್ದಕ್ಕೆ ಜನ ಅದನ್ನೇ ಒಂದು ಪದವಿ ಎಂದುಕೊಂಡಿದ್ದಾರೆ, ಅಷ್ಟೆ. ಕೇಳದೆಯೇ ಇಷ್ಟೆಲ್ಲ ಹೇಳುವವರು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ ಎಂದು ನಾನು ಅಂದುಕೊಂಡೆ. ಮಗುವಿನ ಹೆಸರಿನಲ್ಲಿ ನಿಮ್ಮದೆಲ್ಲಿದೆ ತೋರಿಸಿ ಎಂದು ಕಂಪ್ಯೂಟರನ್ನು ಅವಳತ್ತ ತಿರುಗಿಸಿದೆ. ಆಕೆ ನೋಡಿ, ಪಾಸ್‌ಪೋರ್ಟಿನಲ್ಲಿ ಇದೆ, ಆದರೆ ಅದು ಪೆಟ್ಟಿಗೆಗಳ ಜೊತೆ ಆಗಲೇ ವಿಮಾನ ನಿಲ್ದಾಣಕ್ಕೆ ಹೋಗಿದೆ ಎಂದಳು.

ಆಯಾ ಮಗುವನ್ನು ಕರೆತಂದಳು. ಗಾಜಿನಾಚೆಯಿಂದ ಮಗು "ಮಮ್ಮಾ" ಎಂದು ಕೂಗಿತು. ಬಿಟ್ಟುಹೋದ ತಾಯಿಯನ್ನೂ ಮಕ್ಕಳು ಅಮ್ಮ ಅಂತಲೇ ಕರೆಯುತ್ತವೆ. ನಾನು ಬಾಗಿಲು ತೆಗೆಸಲಿಲ್ಲ. ತಂದೆಗೆ ಹಮದ್ ಬಂದರಿನಲ್ಲಿ ಕೆಲಸ. ಹಡಗಿನ ಮೇಲಿದ್ದನೋ ಏನೋ, ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ. ಆಕೆ ಗೋಡೆಯ ಗಡಿಯಾರ ನೋಡುತ್ತಾ ಕೂತಿದ್ದಳು.

ಹನ್ನೆರಡು ಹೊಡೆದ ಮೇಲೆ ಗೆಳತಿ ಎದ್ದು ಕಪಾಟಿನಿಂದ ಹಳೆಯ ಫೈಲು ತಂದು ನನ್ನ ಮುಂದಿಟ್ಟಳು. ಮಗುವಿನ ಪಾಸ್‌ಪೋರ್ಟ್ ಪ್ರತಿಯಲ್ಲಿ ಎರಡೂ ಅಡ್ಡಹೆಸರು ಇದ್ದವು. ಎರಡನೆಯದರ ಮೇಲೆ ಪೆನ್ಸಿಲಿನ ಗೀಟು. ಅರ್ಜಿಯಲ್ಲಿ ತಂದೆ ಸರಿಯಾಗಿ ಬರೆದಿದ್ದ ತಾಯಿಯ ಅಡ್ಡಹೆಸರನ್ನೂ ಹೊಡೆದುಹಾಕಿ ಪಕ್ಕದಲ್ಲಿ ಗಂಡನ ಅಡ್ಡಹೆಸರು ಸೇರಿಸಲಾಗಿತ್ತು. ಕೈಬರಹ ನನ್ನದು. ಇಷ್ಟುದ್ದ ಹೆಸರು ಯಾಕೆ, ಗಂಡಸು ಗಡಿಬಿಡಿಯಲ್ಲಿ ತಪ್ಪು ಬರೆದಿದ್ದಾನೆ ಎಂದು ನಾನೇ ತಿದ್ದಿದ್ದೆ. ತುಳುನಾಡಿನ ನಮ್ಮ ಮನೆಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದೇ ತಾಯಿಯಿಂದ. ಅಪ್ಪನ ಬಳಿ ಯಾವುದೆಂದು ಕೇಳಿದರೆ ನಾನು ಊರಿಗೆ ಫೋನ್ ಮಾಡಬೇಕು. ಅಂಥವಳು ಒಬ್ಬ ತಾಯಿಯನ್ನು ಕಾಗದದಿಂದ ಅಳಿಸಿ, ನೀನು ತಾಯಿ ಎಂಬುದಕ್ಕೆ ಪುರಾವೆ ಕೊಡು ಎಂದು ಕೂರಿಸಿದ್ದೆ.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಫೈಲು ಮುಚ್ಚಿ, ಕಂಪ್ಯೂಟರಿನದೇ ತಪ್ಪು ಎಂದು ಹೇಳಿ ಮಗುವನ್ನು ಕಳಿಸಿದೆ. ಗೆಳತಿ ನನ್ನ ಮುಖ ನೋಡಲಿಲ್ಲ.

ಮೂರು ವಾರದ ನಂತರ ಆಕೆ ಮಗುವಿನ ಹೆಸರು ಸರಿಪಡಿಸಲು ಬಂದಳು. ಅಪ್ಪನ ಬಗ್ಗೆ ಕೇಳಿದೆ. ಅವತ್ತಿನ ವಿಮಾನ ತಪ್ಪಿತು, ಮರುದಿನ ಮುಟ್ಟುವಷ್ಟರಲ್ಲಿ ಮುಗಿದಿತ್ತು ಎಂದಳು. ನಾನು ಎರಡೂ ಅಡ್ಡಹೆಸರುಗಳನ್ನು ಟೈಪ್ ಮಾಡಿದೆ. ಎರಡಕ್ಕೂ ಜಾಗ ಸಾಕಷ್ಟಿತ್ತು. ಹೊರಡುವಾಗ ಆಕೆ ನನ್ನ ಕೈ ಹಿಡಿದು, ನನ್ನ ಮಗುವಿನ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದಿರಿ, ನಿಮಗೆ ಋಣಿ ಎಂದಳು. ಗೊತ್ತಿದ್ದೇ ಚುಚ್ಚುತ್ತಿದ್ದಾಳೋ ಎಂದು ಅವಳ ಮುಖದಲ್ಲಿ ಹುಡುಕಿದೆ. ಕಣ್ಣಲ್ಲಿ ನೀರಿತ್ತು, ಬೇರೇನೂ ಇರಲಿಲ್ಲ.

"ಅದು ನನ್ನ ಕೆಲಸ" ಎಂದೆ.