ಚನ್ನಮಲ್ಲಮ್ಮನ ಸೋಸುಬಟ್ಟೆ

ಸಾವಿರದ ಒಂಬೈನೂರ ಇಪ್ಪತ್ತೊಂಬತ್ತನೆಯ ಇಸವಿಯ ಏಪ್ರಿಲ್ ಒಂಬತ್ತು, ಮಂಗಳವಾರ. ಯುಗಾದಿಯ ಹಿಂದಿನ ಅಮಾವಾಸ್ಯೆ. ಅಂದು ಹೊತ್ತು ಮೂಡಿ ಒಂದು ಮಾರು ಏರುವುದರೊಳಗೆ ಯತ್ತಪ್ಪನು ಬೇಸಗೆ ಹಿಡಿದಂದಿನಿಂದ ಹುಡುಕುತ್ತಿದ್ದುದನ್ನು ಕಣ್ಣಾರೆ ಕಂಡನು.

ಕಳ್ಳಂಬೆಳ್ಳ ಹೋಬಳಿಯ ಬಂಡೆಹಳ್ಳಿಗೂ ಅದರ ಮಗ್ಗುಲಿನ ಗೊಲ್ಲರಹಟ್ಟಿಗೂ ಕುಡಿಯುವ ನೀರಿಗೆ ಇದ್ದದ್ದು ಒಂದೇ ಮೆಟ್ಟಿಲುಬಾವಿ. ಹಟ್ಟಿಯ ಹಿರಿಯನಾದ ಯತ್ತಪ್ಪ ಅದರ ಕೊನೆಯ ಮೆಟ್ಟಿಲ ಮೂಲೆಯಲ್ಲಿ, ಗೋಡೆಯ ನೆರಳಿನಲ್ಲಿ, ಎಡಗಾಲನ್ನು ನೀರಿಗೆ ಇಳಿಬಿಟ್ಟುಕೊಂಡು ಕುಳಿತಿದ್ದ. ಆ ಕಾಲಿನಲ್ಲಿ ನಾರುಹುಣ್ಣು. ಬೇಸಗೆ ಬಂತೆಂದರೆ ಹಟ್ಟಿಯ ಅರ್ಧ ಜನರ ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ಒಳಗಿನಿಂದ ನೂಲಿನಂಥ ಬಿಳಿಯ ಹುಳು ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಂಗುಲದಂತೆ ಎಳೆಯಬೇಕು. ನಡುವೆ ತುಂಡಾದರೆ ಕಾಲೇ ಕೀವುಗಟ್ಟುತ್ತದೆ. ಬೆಂಕಿ ಇಟ್ಟಂತಹ ಆ ಉರಿಗೆ ಬಾವಿಯ ತಣ್ಣೀರಿನಷ್ಟು ಹಿತವಾದುದು ಬೇರೊಂದಿಲ್ಲವೆಂದು ಹಟ್ಟಿಯವರೆಲ್ಲ ಬಲ್ಲರು.

ಬಂಡೆಹಳ್ಳಿಯ ಶಾಲೆಯ ಮೇಷ್ಟರ ಅಕ್ಕ ಚನ್ನಮಲ್ಲಮ್ಮ ಕೊಡ ಹಿಡಿದು ಇಳಿದಳು. ಕೊಡದ ಬಾಯಿಗೆ ನಾಲ್ಕು ಮಡಿಕೆಯ ಬಿಳಿಯ ಬಟ್ಟೆ ಹಾಸಿ, ಚೊಂಬಿನಿಂದ ಮೊಗೆಮೊಗೆದು ಸೋಸಿ ತುಂಬಿಸಿದಳು. ಅದು ದಿನವೂ ಕಾಣುವ ಕೆಲಸ. ಆಮೇಲೆ ಅವಳು ಬಟ್ಟೆಯನ್ನು ಮಗುಚಿ, ನೀರಿನ ಮೇಲೆ ಹಿಡಿದು, ತುಟಿ ಅಲುಗಿಸುತ್ತ ಮೆಲ್ಲಗೆ ಜಾಲಿಸಿದಳು. ಬಟ್ಟೆಯಲ್ಲಿದ್ದುದು ಏನೋ ಬಾವಿಗೆ ಇಳಿಯಿತು.

‘ಅಮಾಸೆ ದಿನ ಬಾವಿಗೆ ಬುಡ್ತಾವ್ಳೆ’ ಎಂದುಕೊಂಡ ಯತ್ತಪ್ಪ ಉಸಿರು ಬಿಗಿಹಿಡಿದ.

ಅವನ ಸಂದೇಹಕ್ಕೆ ಆಧಾರವಿಲ್ಲದೆ ಇರಲಿಲ್ಲ. ತೋವಿನಕೆರೆಯಲ್ಲಿ ಗಂಡನನ್ನು ಕಳೆದುಕೊಂಡ ಚನ್ನಮಲ್ಲಮ್ಮ ತಮ್ಮ ಪರ್ವತಯ್ಯ ಮೇಷ್ಟರ ಮನೆಗೆ ಬಂದದ್ದು ೧೯೨೭ನೆಯ ಅಕ್ಟೋಬರ್ ೨೧, ಶುಕ್ರವಾರ. ಅದಕ್ಕೆ ಮುಂಚೆ ಮೇಷ್ಟರ ಮಕ್ಕಳೂ ಬೇಸಗೆಯಲ್ಲಿ ಚಾಪೆ ಹಿಡಿಯುತ್ತಿದ್ದವು. ಈ ವರ್ಷ ಆ ಮನೆಯಲ್ಲಿ ಒಬ್ಬರಿಗೂ ಹುಣ್ಣಿಲ್ಲ. ಹಟ್ಟಿಯಲ್ಲಿ ನಲವತ್ತೊಂದು ಜನಕ್ಕೆ. ಒಂದು ಮನೆ ಬಿಟ್ಟ ಪೀಡೆ ಇನ್ನೊಂದು ಮನೆ ಹೊಗದೆ ಆಕಾಶಕ್ಕೆ ಹಾರೀತೆ?

ನಲವತ್ತೊಂದರಲ್ಲಿ ಒಬ್ಬಳು ಅವನ ಮಗಳು ಹೊನ್ನಕ್ಕ. ಗಂಡನಿಲ್ಲದೆ ತವರಿಗೆ ಮರಳಿದ್ದ ಅವಳೇ ಅಪ್ಪನ ಕುಂಟುಗಾಲಿನ ಬದಲು ಎಂಬತ್ತು ಕುರಿಗಳ ಹಿಂದೆ ನಡೆಯುತ್ತಿದ್ದಳು. ಈ ಸಲ ಬಲಹಿಮ್ಮಡಿಯಲ್ಲಿ ನಾರು ಎದ್ದು ನಲವತ್ತು ದಿನ ಮಲಗಿದಳು. ಪರರ ಕೈಗೆ ಹೋದ ಮಂದೆಯಲ್ಲಿ ಆರು ಕುರಿಗಳನ್ನು ತೋಳ ಎಳೆಯಿತು. ಮುಂದಿನ ಬೇಸಗೆಯಲ್ಲೂ ಅವಳು ಮಲಗಿದರೆ ಮಂದೆಯನ್ನು ಮಾರಲೇಬೇಕು. ಕುರಿಯಿಲ್ಲದ ಗೊಲ್ಲನಿಗೆ ಹಟ್ಟಿಯಲ್ಲಿ ಯಾವ ಮರ್ಯಾದೆ? ಯತ್ತಪ್ಪನ ನಿದ್ದೆಗೆಡಿಸಿದ್ದ ಚಿಂತೆ ಇದೊಂದೇ.

ಹನ್ನೆರಡನೆಯ ತಾರೀಖು ಶುಕ್ರವಾರ ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿತು. ಯತ್ತಪ್ಪ ಕೋಲೂರಿ ಎದ್ದು ನಿಂತ.

“ಜುಂಜಪ್ಪನ ಆಣೆ, ಕಣ್ಣಾರೆ ಕಂಡಿವ್ನಿ. ಅಮಾಸೆ ದಿನ ಆವಮ್ಮ ಮಂತ್ರ ಹೇಳ್ಕಂಡು ಬಾವಿಗೆ ಏನೋ ಬುಟ್ಲು. ಇಲ್ಲ ಅಂತ ಅನ್ಲಿ ನೋಡಾನ.”

ಹಟ್ಟಿಯ ದಾಸಣ್ಣ ಹಿಂದಿನಿಂದ ಕೂಗಿದ: “ಕಾಲು ನೀರಾಗೆ ನೆನೆಹಾಕ್ಕಂಡು ಹೆಣ್ಮಕ್ಳನ್ನ ಕದ್ದು ನೋಡಾಕೆ ಹೋಗಿದ್ಯೇನಣ್ಣೋ?”

ಜನ ನಕ್ಕರು. “ಬಾಯ್ಮುಚ್ಲಾ ಲೇ!” ಎಂದು ಯತ್ತಪ್ಪ ಗದರಿದ.

ಚನ್ನಮಲ್ಲಮ್ಮ ತಮ್ಮನ ಹಿಂದಿನಿಂದ ಮುಂದೆ ಬಂದಳು. ಸೆರಗಿನೊಳಗಿನ ಲಿಂಗವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದಳು.

“ಯತ್ತಪ್ಪ ಕಂಡದ್ದು ನಿಜ. ಲಿಂಗಕ್ಕೆ ಸೋಸದ ನೀರು ಎರೀಬಾರ್ದು ಅಂತ ನಮ್ಮಪ್ಪ ಕಲಿಸಿದ್ರು. ಸೋಸಿದ್ಮೇಲೆ ಬಟ್ಟೇಲಿ ಸಿಕ್ಕಿದ ಸಣ್ಣ ಜೀವಗಳು ಸಾಯಬಾರ್ದು, ಬಂದ ನೀರಿಗೇ ಬಿಡು ಅಂತಾನೂ ಕಲಿಸಿದ್ರು. ಮೂವತ್ತು ವರ್ಷ ಹಂಗೇ ಬಿಟ್ಟಿದೀನಿ. ಶಿವನಾಮ ಬಿಟ್ಟು ಬೇರೆ ಮಂತ್ರ ನಂಗೆ ಬರಲ್ಲ.”

“ಒಪ್ಕಂಡ್ಲು! ಕೇಳಿಸ್ಕಂಡ್ರಾ?”

“ಪೂರ್ತಿ ಕೇಳು. ಇಂಥ ಮಾತು ಎದ್ದಿದೆ ಅಂತ ತಮ್ಮ ನಿನ್ನೆ ಶಿರಾಕ್ಕೆ ಹೋಗಿ ಡಿಸ್ಪೆನ್ಸರಿ ಡಾಕ್ಟರನ್ನ ಕೇಳ್ಕೊಂಡು ಬಂದ. ನಾರಿನ ಬೀಜ ಇರೋದು ಆ ಸಣ್ಣ ಜೀವಗಳ ಹೊಟ್ಟೇಲೇ ಅಂತೆ. ಈವತ್ತು ಅದನ್ನ ಕುಡಿದ್ರೆ ಹುಣ್ಣು ಏಳೋದು ಮುಂದಿನ ವರ್ಷ. ಅದಕ್ಕೇ ನಮ್ಮ ಮನೇಲಿ ನಿಂತಿದೆ. ನಾನು ಪುಣ್ಯ ಅಂದ್ಕೊಂಡು ವಾಪಸ್ಸು ಬಿಡ್ತಿದ್ದದ್ದು ನಿಮ್ಮ ಕೊಡಕ್ಕೆ ಹೋಯ್ತು. ತಪ್ಪಾಯ್ತು. ಇನ್ನು ಮೇಲೆ ಬಿಸಿಲು ನೆಲಕ್ಕೆ ಒದರ್ತೀನಿ. ಆ ಜೀವಗಳ ಪಾಪಕ್ಕೆ ನಾನು ಬದುಕಿರೋವರೆಗೂ ಒಂದೇ ಹೊತ್ತು ಊಟ.”

ಅವಳು ದನಿ ತಗ್ಗಿಸಿದಳು.

“ಇನ್ನೊಂದು ಮಾತು ಹೇಳಿದ್ರಂತೆ. ಆ ಜೀವಗಳಿಗೆ ಬೀಜ ಸೇರೋದು ಹುಣ್ಣಿನ ಕಾಲಿಂದ. ಹುಣ್ಣಿದ್ದವರು ಬಾವಿಗೆ ಕಾಲು ಇಳಿಬಿಡಬಾರ್ದು.”

ಅವಳು ಯಾರ ಹೆಸರನ್ನೂ ಹೇಳಲಿಲ್ಲ, ಯತ್ತಪ್ಪನ ಕಡೆ ನೋಡಲೂ ಇಲ್ಲ. ಅದೇ ಅವನಿಗೆ ಇನ್ನಷ್ಟು ಸಂದೇಹ ಹುಟ್ಟಿಸಿತು. ಕದ್ದವಳು ತಾನು, ಕಟ್ಟಿದ್ದು ನನ್ನ ಕೊರಳಿಗೆ, ಎಂಥ ಜಾಣೆ!

ಆಗ ಹೊನ್ನಕ್ಕ ಕಡ್ಡಿ ಕಟ್ಟಿದ ಕಾಲನ್ನು ಎಳೆದುಕೊಂಡು ಎದ್ದಳು. “ಅಪ್ಪಯ್ಯ, ಹೋದ ಶ್ರಾವಣದಿಂದ ನಾನು ಆವಮ್ಮ ಸೋಸಿಕೊಟ್ಟ ನೀರೇ ಕುಡೀತಿವ್ನಿ. ನಿಂಗೆ ಹೇಳ್ಲಿಲ್ಲ.”

“ಕುಡ್ದೂ ನಾರು ಎದ್ದೈತಲ್ಲೇ! ಇನ್ನೇನು ಸಾಕ್ಷಿ ಬೇಕು?”

“ಇದು ಶ್ರಾವಣಕ್ಕೆ ಮುಂಚೆ ಕುಡ್ದಿದ್ದು ಅಂತ ಲೆಕ್ಕ ಹಾಕು.”

“ಲೆಕ್ಕ ನಂಗೆ ಕಲಿಸ್ಬ್ಯಾಡ.”

ಚನ್ನಮಲ್ಲಮ್ಮನೇ ತೀರ್ಮಾನ ಹೇಳಿದಳು: “ಹೊನ್ನಕ್ಕ ಹಿಂಗೇ ಸೋಸಿದ ನೀರು ಕುಡೀಲಿ. ಮುಂದಿನ ವರ್ಷ ಜೂನ್ ಮೂವತ್ತರೊಳಗೆ ಅವಳ ಕಾಲಲ್ಲಿ ನಾರು ಕಂಡ್ರೆ ನಾನು ಈ ಊರು ಬಿಡ್ತೀನಿ.”

ಯತ್ತಪ್ಪ ಒಪ್ಪಿದ. ಆದರೆ ತನಗೆ ಮಾತ್ರ ಬೇರೆ ಮಡಕೆ ಇಟ್ಟು, ಸೋಸದ ನೀರನ್ನೇ ಕುಡಿದ. ಕಾಲನ್ನೂ ಎಂದಿನಂತೆ ಬಾವಿಗೆ ಇಳಿಬಿಟ್ಟ. ಅಲ್ಲಿಂದಲೇ ಚನ್ನಮಲ್ಲಮ್ಮನನ್ನು ಕಾಯುತ್ತಿದ್ದ. ಅವಳು ಬಟ್ಟೆಯನ್ನು ಮೇಲೆ ಒಯ್ದು ಬಂಡೆಯ ಮೇಲೆ ಒದರುವುದನ್ನು ಕಂಡು, ಅವಳು ಹೋದ ಮೇಲೆ ಬಂಡೆಯನ್ನು ಕೋಲಿನಿಂದ ಕೆದಕಿ ನೋಡಿದ, ಏನೂ ಇಲ್ಲ. ಅವಳು ನಿಜವಾಗಿ ಒಂದೇ ಹೊತ್ತು ಉಣ್ಣುತ್ತಾಳೆಯೇ ಎಂದು ಮೇಷ್ಟರ ಮಕ್ಕಳನ್ನು ಕಡಲೆ ಕೊಟ್ಟು ವಿಚಾರಿಸಿದ. ಹೌದೆಂದವು. ಮಕ್ಕಳಿಗೂ ಹೇಳಿಕೊಟ್ಟಿದ್ದಾಳೆ ಎಂದುಕೊಂಡ. ಹಟ್ಟಿಯ ಹೆಂಗಸರು ಒಬ್ಬೊಬ್ಬರಾಗಿ ಹಳೆಯ ಪಂಚೆ ಮಡಚಿ ಕೊಡಕ್ಕೆ ಕಟ್ಟತೊಡಗಿದಾಗ, ಎಲ್ಲರಿಗೂ ಮಂಕುಬೂದಿ ಎರಚಿದಳೆಂದು ನಿಶ್ಚಯಿಸಿದ.

೧೯೩೦ನೆಯ ಬೇಸಗೆ ಬಂತು. ಯತ್ತಪ್ಪ ದಿನವೂ ಬೆಳಗ್ಗೆ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಮೊದಲು ಬೊಕ್ಕೆ ಎದ್ದದ್ದು ಅವನದೇ ಬಲಗಾಲಿನಲ್ಲಿ. ಮೇ ಮೂರನೆಯ ತಾರೀಖು ಶನಿವಾರ ಹೊನ್ನಕ್ಕನೂ ಮಂದೆಯಿಂದ ಕುಂಟುತ್ತ ಬಂದಳು. ಹಿಮ್ಮಡಿ ಊದಿ, ನಡುವೆ ಬಿಳಿಯ ಬೊಕ್ಕೆ.

“ಬಂತು! ನಾನು ಹೇಳ್ಲಿಲ್ವಾ? ಕರೀರಿ ಆವಮ್ಮನ್ನ!” ಯತ್ತಪ್ಪನ ಕೂಗಿನಲ್ಲಿ ಗೆಲುವಿತ್ತು. ತನ್ನ ಮಾತು ನಿಜವಾದರೆ ಮಂದೆ ಹೋಯಿತೆಂಬುದು ಕೂಗಿದ ಮೇಲೆಯೇ ಅವನಿಗೆ ಹೊಳೆಯಿತು.

ಚನ್ನಮಲ್ಲಮ್ಮ ಹಟ್ಟಿಯ ಮುಳ್ಳುಬೇಲಿಯ ಹೊರಗೇ ನಿಂತಳು. “ನೀರು ಹಾಕಿ ನೋಡಿ. ನಾರಾದ್ರೆ ತಲೆ ಹಾಕುತ್ತೆ. ನಂಗೆ ಗಂಟು ಕಟ್ಟೋಕೆ ಹೊತ್ತು ಬೇಡ.”

ದಾಸಣ್ಣ ತಣ್ಣೀರು ಸುರಿದ. ಒಂದು ಚೊಂಬು, ಎರಡು, ಮೂರು. ಏನೂ ಹೊರಡಲಿಲ್ಲ. ಯತ್ತಪ್ಪನೇ ಬಾಗಿ, ಸೂಜಿಯಿಂದ ಬೊಕ್ಕೆ ಬಿಡಿಸಿ ಒತ್ತಿದ. ಕೀವಿನ ಜೊತೆ ಅರ್ಧ ಅಂಗುಲದ ಕರಿಯ ಜಾಲಿಮುಳ್ಳು ಈಚೆಗೆ ಬಂತು.

“ಮುಳ್ಳಿಗೂ ಆವಮ್ಮನೇ ಮಂತ್ರ ಹಾಕಿರ್ಬೇಕು ಬುಡಣ್ಣ” ಎಂದ ದಾಸಣ್ಣ.

ಯತ್ತಪ್ಪ ನಗಲಿಲ್ಲ. ಮುಳ್ಳನ್ನು ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿದ. “ಅಂಗಾದ್ರೆ ನಂಗ್ಯಾಕೆ ಬಂತು?”

“ನೀನು ಯಾವ ನೀರು ಕುಡ್ದೆ, ಅಪ್ಪಯ್ಯ?” ಎಂದಳು ಹೊನ್ನಕ್ಕ. “ಆ ನೀರಾಗೆ ಕಾಲು ಇಳಿಬುಟ್ಕಂಡು ಕೂತೋರ್ಯಾರು?”

ಮರುದಿನದಿಂದ ಬಾವಿಯ ಕೊನೆಯ ಮೆಟ್ಟಿಲು ಖಾಲಿಯಾಗಿತ್ತು. ಯತ್ತಪ್ಪ ಮೊದಲನೆಯ ಮೆಟ್ಟಿಲ ಮೇಲೆ ಕೋಲು ಅಡ್ಡ ಹಿಡಿದು ಕುಳಿತಿದ್ದ. ಕಾಲಿಗೆ ಚಿಂದಿ ಕಟ್ಟಿದವರು ಬಂದರೆ, “ಯಾಕ್ಲಾ, ಇಳಿಯಾಕೆ ಬಂದ್ಯಾ? ಕೊಡ ಕೊಡಿಲ್ಲಿ, ಬೇರೆಯವ್ರು ತರ್ತಾರೆ” ಎಂದು ತಡೆಯುತ್ತಿದ್ದ.

ಆ ಬೇಸಗೆಯಲ್ಲಿ ಹಟ್ಟಿಯಲ್ಲಿ ಮಲಗಿದವರು ಹದಿನೇಳು, ಮರುವರ್ಷ ನಾಲ್ವರು. ಪರ್ವತಯ್ಯ ಮೇಷ್ಟರು ಇದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು.

ಗಡುವಿನ ದಿನ, ೧೯೩೦ನೆಯ ಜೂನ್ ಮೂವತ್ತು, ಸೋಮವಾರ. ಹೊನ್ನಕ್ಕ ಮಂದೆ ಹೊಡೆದುಕೊಂಡು ಹೊರಟಳು. ಯತ್ತಪ್ಪ ಹಟ್ಟಿಯ ಬಾಗಿಲಿನಿಂದ ಅವಳ ಹೆಜ್ಜೆಯನ್ನೇ ನೋಡುತ್ತಿದ್ದ, ಎಲ್ಲಿಯಾದರೂ ತಪ್ಪೀತೇ ಎಂದು. ತಪ್ಪಲಿಲ್ಲ. ಕೊನೆಯ ಕುರಿ ಏರಿಯ ಆಚೆ ಮರೆಯಾದ ಮೇಲೆ ಬಾವಿಗೆ ನಡೆದ. ಚನ್ನಮಲ್ಲಮ್ಮ ಕೊಡ ತುಂಬಿಸಿಕೊಂಡು ಮೇಲೆ ಬಂದಿದ್ದಳು.

“ಬಟ್ಟೆ ತೋರ್ಸಮ್ಮ.”

ಕೊಟ್ಟಳು. ಅವನು ಅದನ್ನು ಬಿಸಿಲಿಗೆ ಹಿಡಿದು, ಮಡಿಕೆ ಬಿಚ್ಚಿ, ಮೂಲೆಮೂಲೆ ತಡವಿ, ಮೂಸಿ ನೋಡಿ ಹಿಂದಕ್ಕೆ ಕೊಟ್ಟ.

“ಇನ್ನೂ ನಂಬಿಕೆ ಬರಲಿಲ್ವಾ ಯತ್ತಪ್ಪ?”

“ನಂಬ್ಕೆ ಗಿಂಬ್ಕೆ ನಂಗೆ ಗೊತ್ತಿಲ್ಲ. ನೀವು ಎಲ್ಲಿಗೂ ಹೋಗ್ಬ್ಯಾಡಿ. ನೀರು ಕೊಡಿ.”

ಅವಳು ಅವನ ಬೊಗಸೆಗೆ ಎರೆದಳು. ಅವನು ಬೊಗಸೆಯೊಳಗೆ ಬಹಳ ಹೊತ್ತು ದಿಟ್ಟಿಸಿ, ಒಂದು ಗುಟುಕು ಬಾಯಲ್ಲಿ ಹೊರಳಿಸಿ ನುಂಗಿದ.

“ಸಪ್ಪಗೈತೆ” ಎಂದು ಮುಖ ಸಿಂಡರಿಸಿ, ಮತ್ತೆ ಬೊಗಸೆ ಒಡ್ಡಿದ.