ದಾಕ್ಷಾಯಣಿಬಾಯಿ ಉಳಿಸಿದ ಉಡಾವಣೆ

ಹುಬ್ಬಳ್ಳಿಯ ತಂತಿ ಕಚೇರಿಯಿಂದ ಬಂದ ದಾಕ್ಷಾಯಣಿಬಾಯಿಯವರು ತಿರುವನಂತಪುರದ ಕಡಲತೀರದಲ್ಲಿದ್ದ ನಮ್ಮ ರಾಕೆಟ್ ಸಂಸ್ಥೆಯಲ್ಲಿ ಆರು ವರ್ಷ ಟೆಲಿಪ್ರಿಂಟರ್ ಕುಟ್ಟಿದರು. ಒಂದೇ ಒಂದು ರಾಕೆಟ್ ಹಾರಿದ್ದನ್ನೂ ನೋಡಲಿಲ್ಲ. ಹೇಗೆ ನೋಡಿಯಾರು? ಅದು ಹಾರುವ ಹೊತ್ತಿಗೇ ಊರೂರಿಗೆ ಸಂದೇಶ ಕಳಿಸುತ್ತ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಿರುತ್ತಿದ್ದರು. 1974ರಲ್ಲಿ ಅವರಿಗೆ ವಾಪಸ್ ವರ್ಗವಾಯಿತು. ಕೊನೆಯ ದಿನ ನಮ್ಮ ಮೇಲಧಿಕಾರಿ ಹಯವದನರಾಯರು, "ಇವತ್ತು ನಾಲ್ಕು ಗಂಟೆಯ ಉಡಾವಣೆ ನೀವು ಹೊರಗೆ ನಿಂತು ನೋಡಿ. ನಿಮ್ಮ ಜಾಗದಲ್ಲಿ ನಾನು ಕೂತ್ಕೋತೀನಿ" ಅಂದರು. ಬಾಯಿಯವರು ಇಳಕಲ್ ಸೀರೆ ಉಟ್ಟೇ ಬಂದಿದ್ದರು.

ಅದೇ ದಿನ ನಾನು ನೋಡಿಕೊಳ್ಳುತ್ತಿದ್ದ ಕಂಪ್ಯೂಟರ್ ಕೈಕೊಡಬೇಕೆ! ಬೆಳಿಗ್ಗೆ ಎದ್ದಾಗ ಆ ಮಹಾಶಯನಿಗೆ ಏನೂ ನೆನಪಿರುತ್ತಿರಲಿಲ್ಲ. ತೂತು ಹೊಡೆದ ಕಾಗದದ ಟೇಪೊಂದನ್ನು ಓದಿಸಿದರೇ ಬುದ್ಧಿ ಬರುತ್ತಿದ್ದದ್ದು. ದಿನಬಳಕೆಯ ಟೇಪು ಅಂದು ಯಂತ್ರಕ್ಕೆ ಸಿಕ್ಕಿ ಚಿಂದಿಯಾಯಿತು. ಇಂಥ ಆಪತ್ತಿಗೆಂದೇ ಬೀರುವಿನಲ್ಲಿಟ್ಟಿದ್ದ ಇನ್ನೊಂದನ್ನು ನಾನೇ ಓಡಿಹೋಗಿ ತಂದೆ. ಹಾಕಿದರೆ ಅರ್ಧಕ್ಕೇ ನಿಂತಿತು. ಮತ್ತೆ ಹಾಕಿದೆ, ಮತ್ತೆ ಅಲ್ಲೇ. ರಾಕೆಟ್ಟನ್ನು ಎತ್ತ ಓರೆಮಾಡಬೇಕೆಂದು ಹೇಳುವ ಗಾಳಿಯ ಲೆಕ್ಕವನ್ನು ಮಧ್ಯಾಹ್ನ ಎರಡರೊಳಗೆ ಕೊಡದಿದ್ದರೆ ಉಡಾವಣೆ ಮುಂದಿನ ವಾರಕ್ಕೆ. ಬಾಯಿಯವರ ರೈಲು ಮರುದಿನ ಬೆಳಿಗ್ಗೆ.

ಒಂದು ಗಂಟೆಗೆ ಅವರೇ ಒಳಗೆ ಬಂದು ಟೇಪನ್ನು ದೀಪಕ್ಕೆ ಹಿಡಿದರು.

"ದಿನಕರಾ, ಇದನ್ನ ಏನು ತಿಂದ ಕೈಲೆ ಹಿಡದಿ?"

ನಾನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ. "ಉಪ್ಪೇರಿ, ಅಕ್ಕ... ಚಾಲೈ ಬಜಾರಿನಿಂದ ತಂದದ್ದು." ತೆಂಗಿನೆಣ್ಣೆಯಲ್ಲಿ ಕರಿದ ಬಾಳೆಕಾಯಿಯ ಪೊಟ್ಟಣ ನನ್ನ ಮೇಜಿನ ಮೇಲೇ ಇತ್ತು.

"ನೋಡಿಲ್ಲೆ. ಎಣ್ಣಿ ಹತ್ತಿದಲ್ಲೆ ಬೆಳಕು ಹಾಯಾಕತ್ತೈತಿ. ನಿಮ್ಮ ಯಂತ್ರ ಬೆಳಕು ಕಂಡಲ್ಲೆಲ್ಲ ತೂತು ಅಂತ ತಿಳೀತೈತಿ."

ನಾವು ಮೂವರು ಪದವೀಧರರು ಬೆಳಗಿನಿಂದ ತಿಣುಕಿದ್ದು ಇದಕ್ಕೆ! ಪೌಡರ್ ಉಜ್ಜಿ ಜಿಡ್ಡು ತೆಗೆಯೋಣವೇ ಎಂದು ನಾನು ಬಾಯಿ ತೆರೆದೆ.

"ಸುಮ್ನಿರಪಾ. ನನ್ನ ಟೆಲಿಪ್ರಿಂಟರ್ ಕಡ್ಡಿ ಚುಚ್ಚಿ ಓದತೈತಿ. ಅದಕ್ಕ ಎಣ್ಣಿ ಗೊತ್ತಾಗಂಗಿಲ್ಲ."

ಟೆಲಿಪ್ರಿಂಟರ್ ಕಟಕಟ ಶುರುವಾಯಿತು. ಒಂದು ಕಡೆ ನನ್ನ ಜಿಡ್ಡಿನ ಟೇಪು ಒಳಗೆ ಹೋದಂತೆ ಇನ್ನೊಂದು ಕಡೆ ಅದರದೇ ಹೊಸ ಪ್ರತಿ ತೂತು ಬಿದ್ದು ಹೊರಬರುತ್ತಿತ್ತು. ಸೆಕೆಂಡಿಗೆ ಒಂದೇ ಅಂಗುಲ! ನನಗೋ ನಿಂತಲ್ಲಿ ನಿಲ್ಲಲಾಗದು. ಒಂದೂ ಮುಕ್ಕಾಲಿಗೆ ಮುಗಿಯಿತು. ಮುಟ್ಟಲು ಹೋದ ನನ್ನ ಕೈಗೆ ಪಟ್ಟನೆ ಒಂದೇಟು ಬಿತ್ತು. ಅವರೇ ಒಯ್ದು ಹಾಕಿದರು. ಟೇಪು ಸರಸರನೆ ಓಡಿತು, ಅರ್ಧ ದಾಟಿತು, ಕೊನೆ ಮುಟ್ಟಿತು. ಕಂಪ್ಯೂಟರಿನ ದೀಪಗಳೆಲ್ಲ ಮಿಣಮಿಣ! ನಾನು ಕುಣಿದೇಬಿಟ್ಟೆ. ಎರಡಕ್ಕೆ ಎರಡು ನಿಮಿಷವಿರುವಾಗ ಲೆಕ್ಕ ತಲುಪಿತು.

ನಾಲ್ಕಕ್ಕೆ ರಾಯರು ಹೇಳಿದಂತೆಯೇ ಟೆಲಿಪ್ರಿಂಟರಿನ ಮುಂದೆ ಕೂತರು. ಬಾಯಿಯವರು ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ಓಡಿದರು, ನಾನು ಹಿಂದೆ. ನೆಲ ಅದುರಿತು. ಬೆಂಕಿಯ ಗೆರೆಯೊಂದು ಸಮುದ್ರದ ಮೇಲೆ ಏರಿ, ಹತ್ತು ಎಣಿಸುವಷ್ಟರಲ್ಲಿ ಮಾಯ.

"ಮುಗೀತೇನೋ?" ಎಂದರು ಆಕಾಶ ನೋಡುತ್ತಲೇ. "ಇಷ್ಟ ಹೊತ್ತಿನ ಆಟದ ಸಲುವಾಗಿ ನಾ ಎಷ್ಟೆಷ್ಟು ಉದ್ದ ಸಂದೇಶ ಕುಟ್ಟೀನೋ ದಿನಕರಾ!"

ನಗುತ್ತಿದ್ದರು. ಕಣ್ಣೀರು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.